ದಾವಣಗೆರೆಯಿಂದ ಕರಾವಳಿಗೆ ಚಳಿಗಾಲದ ಗುಂಪು ಗಾಳ ಪ್ರವಾಸ: ಯಾವ ಶನಿವಾರ ಹೋಗಬೇಕು, ಏನು ಒಯ್ಯಬೇಕು

ದಾವಣಗೆರೆಯಿಂದ ಶುಕ್ರವಾರ ರಾತ್ರಿ ಹೊರಟು, ಶನಿವಾರ ಬೆಳಗ್ಗೆ ಕುಮಟಾ–ಹೊನ್ನಾವರ ಕಡೆಯ ಕಲ್ಲುದಂಡೆಯಲ್ಲಿ ಗಾಳ ಹಾಕಿಸಿ, ರಾತ್ರಿ ಊಟದ ಹೊತ್ತಿಗೆ ವಾಪಸ್ ತಂದು ಬಿಡುವ ಪ್ಯಾಕೇಜ್ ಇದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ವಾರಕ್ಕೊಂದು. ಹದಿನಾಲ್ಕು ಸೀಟಿನ ಟೆಂಪೋ ಟ್ರಾವೆಲರ್, ತಲೆಗೆ 3,800 ರೂಪಾಯಿ. ರಾಡ್, ರೀಲ್, ದಾರ ಮುಳುಗಿಸುವ ಸೀಸದ ತೂಕ, ಎರೆ, ತಿಂಡಿ, ಮಧ್ಯಾಹ್ನದ ಊಟ, ದಂಡೆಯಲ್ಲಿ ಜೊತೆಗಿರುವ ಸ್ಥಳೀಯ ಮೀನುಗಾರರ ಕೂಲಿ ಎಲ್ಲ ಅದರಲ್ಲೇ ಸೇರಿದೆ. ನಡೆಸುವವರ ಹೆಸರು ಇಲ್ಲಿ ಹಾಕಿಲ್ಲ. ಯಾರ ಜೊತೆ ಹೋದರೂ ಕೆಳಗಿನ ಮಾತುಗಳು ಕೆಲಸಕ್ಕೆ ಬರುತ್ತವೆ. ದಂಡೆಯ ಹೆಸರನ್ನೂ ಬರೆದಿಲ್ಲ. ಅದು ಗುಡ್ಡದ ಮೂಗಿನ ಕೆಳಗಿರುವ ಸಣ್ಣ ಜಾಗ, ಪಕ್ಕದಲ್ಲೇ ಮೀನುಗಾರರ ಮನೆಗಳಿವೆ, ನಾಲ್ಕು ಗಾಡಿ ಬಂದು ನಿಂತರೆ ಅವರಿಗೆ ಬಲೆ ಒಣಗಿಸಲೂ ಜಾಗ ಉಳಿಯಲ್ಲ.

ಬುಕ್ ಮಾಡುವ ಮುಂಚೆ ನೋಡಬೇಕಾದ್ದು ಸೀಟಲ್ಲ, ಊಟವಲ್ಲ, ಉಬ್ಬರದ ಹೊತ್ತು. ಸೂಳೆಕೆರೆಯಲ್ಲೋ ಭದ್ರಾ ನಾಲೆಯಲ್ಲೋ ಗಾಳ ಹಾಕಿ ರೂಢಿ ಇರುವವರು ಬಿಸಿಲು ಏರುವ ಮುಂಚೆ ಹೋದರೆ ಆಯ್ತು ಅಂದುಕೊಳ್ಳುತ್ತಾರೆ. ಸಮುದ್ರದಲ್ಲಿ ಅಷ್ಟು ಸಾಲದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ಏಳು ದಿನಕ್ಕೆ ಹೆಚ್ಚೂಕಡಿಮೆ ಆರು ಗಂಟೆ. ಈ ಶನಿವಾರ ಬೆಳಗ್ಗೆ ಏಳಕ್ಕೆ ನೀರು ತುಂಬಿ ನಿಂತಿದ್ದರೆ, ಮುಂದಿನ ಶನಿವಾರ ಅದೇ ಏಳಕ್ಕೆ ನೀರು ಕೆಳಗಿಳಿದು ಬಂಡೆಯ ಬೆನ್ನು ಕಾಣುತ್ತಿರುತ್ತೆ. ಪ್ಯಾಕೇಜ್‌ನವರು ಮಾತ್ರ ಎಲ್ಲ ಶನಿವಾರವೂ 5:30ಕ್ಕೆ ದಂಡೆಗೆ ಇಳಿಸಿ 11ಕ್ಕೆ ಎತ್ತಿಕೊಂಡು ಹೊರಡುತ್ತಾರೆ. ಹಾಗಾಗಿ ವಾರ ಬಿಟ್ಟು ವಾರ ಇದು ಒಳ್ಳೇ ಪ್ರವಾಸ, ನಡುವಿನ ವಾರಗಳಲ್ಲಿ ದುಬಾರಿ ಪಿಕ್‌ನಿಕ್. ಬೆಲೆ ಮಾತ್ರ ಎರಡಕ್ಕೂ ಒಂದೇ. ಇದು ಈ ಸೇವೆಯ ದೊಡ್ಡ ದೋಷ. ಹೊರಡುವ ಹೊತ್ತು ಬದಲಿಸಿದರೆ ಸರಿಹೋಗುವ ದೋಷವೂ ಹೌದು.

ಕಲ್ಲುದಂಡೆ ಕಡಿದಾಗಿ ಇಳಿಯುವುದರಿಂದ ನೀರು ಏರುವಾಗ ಮೀನು ತೀರಾ ಹತ್ತಿರ ಬರುತ್ತೆ. ಉಬ್ಬರದ ಕೊನೆಯ ಎರಡು ಗಂಟೆ, ಇಳಿತದ ಮೊದಲ ಒಂದು ಗಂಟೆ: ಈ ಮೂರು ಗಂಟೆ ನಿಮ್ಮ ಐದೂವರೆ ಗಂಟೆಯ ಒಳಗೆ ಬೀಳುತ್ತೋ ನೋಡಿಕೊಳ್ಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಜಾಲತಾಣದಲ್ಲಿ ಉಬ್ಬರದ ಹೊತ್ತೂ ಸಿಗುತ್ತೆ, ದೊಡ್ಡ ಅಲೆಯ ಮುನ್ನೆಚ್ಚರಿಕೆಯೂ ಸಿಗುತ್ತೆ. ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್‌ನಿಂದಲೂ ಲೆಕ್ಕ ಹಾಕಬಹುದು. ಅಮಾವಾಸ್ಯೆ ದಿನ ಆ ದಂಡೆಯಲ್ಲಿ ಉಬ್ಬರ ಎಷ್ಟೊತ್ತಿಗೆ ಅಂತ ಅಲ್ಲಿನವರನ್ನು ಒಮ್ಮೆ ಕೇಳಿ ಬರೆದಿಟ್ಟುಕೊಂಡು, ತಿಥಿಗೆ 48 ನಿಮಿಷದಂತೆ ಕೂಡಿಸಿ. ಅಷ್ಟಮಿಗೆ ಆರೂವರೆ ಗಂಟೆಯಷ್ಟು ಸರಿದಿರುತ್ತೆ, ಹುಣ್ಣಿಮೆಗೆ ಹನ್ನೆರಡು ಗಂಟೆ ತುಂಬಿ ಮತ್ತೆ ಅದೇ ಹೊತ್ತಿಗೆ ಬಂದು ನಿಲ್ಲುತ್ತೆ. ಹತ್ತು–ಇಪ್ಪತ್ತು ನಿಮಿಷ ಆಚೀಚೆ ಆದರೂ ಬುಕ್ ಮಾಡಲು ಇಷ್ಟು ಸಾಕು.

ಬೆಳಗಿನ ಹೊತ್ತನ್ನು ಆರಿಸಿದ್ದು ಮಾತ್ರ ಸರಿಯಾಗಿದೆ. ಚಳಿಗಾಲದಲ್ಲಿ ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತೆ. ನೀರು ಸಮತಟ್ಟಾಗಿರುತ್ತೆ, ಬೀಸಿದ ಸೀಸವೂ ಹಗುರಾಗಿ ಮುಂದೆ ಹೋಗುತ್ತೆ. ನಡುಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಸಮುದ್ರದಿಂದ ಮುಖಕ್ಕೆ ಹೊಡೆಯತೊಡಗಿದರೆ ದಾರ ಕಮಾನಾಗಿ ಹೊಟ್ಟೆ ಬಿಡುತ್ತೆ, ಮೀನು ಕಚ್ಚಿದ್ದು ಕೈಗೆ ತಿಳಿಯಲ್ಲ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಯ ಹತ್ತಿರ ಆಗಿರುತ್ತೆ, ಹಾಗಾಗಿ ಮೊದಲ ಒಂದು ಗಂಟೆ ಟಾರ್ಚ್ ಬೇಕು. ತಲೆಗೆ ಕಟ್ಟುವ ಟಾರ್ಚ್ ಆಗಿರಲಿ, ಕೆಂಪು ಬೆಳಕಿನದ್ದಾದರೆ ಇನ್ನೂ ಒಳ್ಳೆಯದು. ಹೊನ್ನಾವರದ ಕಾಸರಕೋಡು–ಟೊಂಕದ ಮರಳಿನಲ್ಲಿ ಇದೇ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಬಿಳಿ ಬೆಳಕು ಬಿದ್ದರೆ ಹಿಂದಕ್ಕೆ ಹೋಗಿಬಿಡುತ್ತವೆ. ಪ್ಯಾಕೇಜ್‌ನವರು ಗಾಡಿಯ ದೊಡ್ಡ ಫೋಕಸ್ ಲೈಟನ್ನು ನೀರಿನತ್ತ ತಿರುಗಿಸಿ ಇಡುತ್ತಾರೆ. ಅದನ್ನು ಆರಿಸಲು ಹೇಳಿ. ಆಮೆಗೂ ಒಳಿತು, ಹತ್ತಿರ ಬಂದ ಮೀನೂ ಬೆದರುವುದಿಲ್ಲ.

ಇನ್ನು ಸಾಮಾನು. ರಾಡ್‌ಗಳು 12 ಅಡಿಯವು, 80ರಿಂದ 150 ಗ್ರಾಂ ತೂಕ ಎಸೆಯುವಂಥವು. ಈ ದಂಡೆಗೆ ತಕ್ಕ ಆಯ್ಕೆ. ರೀಲ್ 6000 ಸೈಜಿನವು, ಚೆನ್ನಾಗಿಯೇ ತಿರುಗುತ್ತವೆ. ಆದರೆ ಸ್ಪೂಲ್‌ಗೆ ಅರ್ಧದಷ್ಟೇ ದಾರ ಸುತ್ತಿದ್ದಾರೆ. ದಾರ ಸ್ಪೂಲಿನ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗಿನವರೆಗೆ ತುಂಬಿರಬೇಕು. ಇಲ್ಲದಿದ್ದರೆ ಹೊರಬರುವಾಗ ಅಂಚಿಗೆ ಉಜ್ಜಿ ಎಸೆತ ಮೊಟಕಾಗುತ್ತೆ. ಗಾಡಿ ಹತ್ತುವ ಮುಂಚೆಯೇ ಕೊಟ್ಟ ರೀಲ್ ತೆರೆದು ನೋಡಿ, ಬೇರೆಯದು ಕೇಳಿ.

ನಿಜವಾಗಿ ದುಡ್ಡು ಹೋಗುವುದು ಸೀಸ ಕಟ್ಟುವ ರೀತಿಯಲ್ಲಿ. ಈ ದಂಡೆಯ ಕಲ್ಲುಗಳು ನಿಂಬೆಹಣ್ಣಿನಿಂದ ತೆಂಗಿನಕಾಯಿ ಗಾತ್ರದವು, ಎಲ್ಲ ಉರುಟು. ನೀರಿನ ಅಡಿಯಲ್ಲೂ ಅವೇ. ಉಂಡೆ ಸೀಸ ಉರುಳಿ ಎರಡು ಕಲ್ಲಿನ ಸಂದಿಗೆ ಕೂತರೆ ಎಳೆದಷ್ಟೂ ಬಿಗಿಯಾಗುತ್ತೆ. ಇವರು ಸೀಸವನ್ನು ದಪ್ಪ ದಾರಕ್ಕೆ ನೇರವಾಗಿ ಕಟ್ಟಿ ಕೊಡುತ್ತಾರೆ. ಹಾಗಾಗಿ ಸಿಕ್ಕಿಕೊಂಡಾಗಲೆಲ್ಲ ಕೊಕ್ಕೆ, ಸ್ವಿವೆಲ್ (ದಾರ ಹೊಸೆಯದಂತೆ ತಿರುಗುವ ಕೊಂಡಿ), ಸೀಸ ಒಟ್ಟಿಗೆ ಹೋಗುತ್ತವೆ. ಕಳೆದ ಒಂದೊಂದಕ್ಕೆ 80 ರೂಪಾಯಿ ಬೇರೆ ಕೊಡಬೇಕು. ಬೆಳಗಿನಲ್ಲಿ ಐದಾರು ಕಳೆಯುವುದು ಇಲ್ಲಿ ಮಾಮೂಲು.

ಸರಿಯಾಗಿ ಕಟ್ಟುವುದು ಹೀಗೆ. ರೀಲಿನ ದಾರ 0.40 ಮಿ.ಮೀ. ತಂಗೂಸಿ (ನೈಲಾನ್ ದಾರ). ಅದರ ತುದಿಗೆ ಲೀಡರ್, ಅಂದರೆ ಎಸೆಯುವ ಪೆಟ್ಟು ತಡೆಯುವ ದಪ್ಪ ತಂಗೂಸಿ. ಸೀಸದ ಪ್ರತಿ ಔನ್ಸಿಗೆ 10 ಪೌಂಡ್ ಲೆಕ್ಕ, ಹಾಗಾಗಿ ಇಲ್ಲಿ ಕೊಡುವ 4 ಔನ್ಸ್, ಅಂದರೆ 113 ಗ್ರಾಂ ಸೀಸಕ್ಕೆ 40 ಪೌಂಡಿನದು. ರಾಡಿನ ಎರಡು ಪಟ್ಟು ಉದ್ದ, ಜೊತೆಗೆ ಸ್ಪೂಲ್ ಮೇಲೆ ಐದಾರು ಸುತ್ತು ಇರುವಷ್ಟು. ಲೀಡರ್ ತುದಿಗೆ ಸ್ವಿವೆಲ್, ಅದರ ಕೆಳಗೆ 60 ಸೆಂಟಿಮೀಟರ್ ಅದೇ ದಪ್ಪದ ದಾರ. ಅದರ ನಡುವಿನಿಂದ ಪಕ್ಕಕ್ಕೆ ಒಂದು ಗೇಣು ಎಳೆ, ತುದಿಗೆ 1/0 ಕೊಕ್ಕೆ. ಎಲ್ಲಕ್ಕಿಂತ ಕೆಳಗೆ ಸೀಸ, ಆದರೆ ಅದನ್ನು 12–15 ಪೌಂಡಿನ ತೆಳು ದಾರದ ತುಂಡಿನಲ್ಲಿ ಕಟ್ಟಬೇಕು. ಸಿಕ್ಕಿಕೊಂಡರೆ ಆ ತೆಳು ತುಂಡು ಕಡಿದು ಸೀಸ ಮಾತ್ರ ಹೋಗುತ್ತೆ, ಕೊಕ್ಕೆಯಲ್ಲಿ ಮೀನಿದ್ದರೆ ಮೀನೂ ಉಳಿಯುತ್ತೆ. ಇದರಲ್ಲಿ ಒಂದು ಅಪಾಯವಿದೆ: ಈ ಕಟ್ಟಿನಲ್ಲಿ ಮೈಬಗ್ಗಿಸಿ ಜೋರಾಗಿ ಬೀಸಬಾರದು. ಬೀಸಿದರೆ ತೆಳು ದಾರ ಗಾಳಿಯಲ್ಲೇ ಕಡಿದು ಸೀಸ ಯಾರ ತಲೆಗೆ ಬೇಕಾದರೂ ಹೋಗಿ ಬಡಿಯಬಹುದು. ಮೆಲ್ಲಗೆ ತೂಗಿ 30–40 ಮೀಟರ್ ಬಿಟ್ಟರೆ ಸಾಕು. ಕಡಿದಾದ ದಂಡೆಯಲ್ಲಿ ಮೀನು ತಿರುಗುವುದೂ ಅಷ್ಟರೊಳಗೇ.

ಸೀಸದ ಬದಲು ದಾವಣಗೆರೆಯ ಯಾವುದೇ ಗ್ಯಾರೇಜಿನಲ್ಲಿ ಕೇಳಿದರೆ ಹಳೇ ಸ್ಪಾರ್ಕ್ ಪ್ಲಗ್ ಸಿಗುತ್ತವೆ. ಎರಡನ್ನು ಜೋಡಿಸಿ ಕಟ್ಟಿದರೆ ಬೆಳಗಿನ ಶಾಂತ ನೀರಿಗೆ ಸಾಕಾಗುವ ತೂಕ. ಉಂಡೆಯಂತೆ ಉರುಳುವುದೂ ಇಲ್ಲ, ಕಳೆದರೆ ದುಃಖವೂ ಇಲ್ಲ. ಹತ್ತಿಪ್ಪತ್ತು ಒಯ್ಯಿರಿ. ತಂತಿ ಕೊಂಬಿನ ಸೀಸ ಮಾತ್ರ ಬೇಡ, ಅದು ಮರಳಿಗೆ ಮಾಡಿದ್ದು, ಇಲ್ಲಿ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತೆ.

ಎರೆಗೆ ಇವರು ಕೊಡುವ ಸೀಗಡಿ ಮತ್ತು ತಾರ್ಲೆ (ಬೂತಾಯಿ ಮೀನು) ತಾಜಾ ಇರುತ್ತೆ, ಬೆಳಗ್ಗೆ ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ. ಊರಿನಿಂದ ಎರೆಹುಳ, ಹಿಟ್ಟಿನ ಉಂಡೆ ಹೊತ್ತುಕೊಂಡು ಹೋಗಬೇಡಿ. ಹುಳ ಉಪ್ಪುನೀರಿನಲ್ಲಿ ಬೇಗ ಸತ್ತು ಮೆತ್ತಗಾಗುತ್ತೆ, ಹಿಟ್ಟು ಒಂದೇ ಅಲೆಗೆ ಕರಗುತ್ತೆ. ತಾರ್ಲೆಯನ್ನು ಹಾಗೇ ಚುಚ್ಚಿದರೆ ಎಸೆಯುವಾಗಲೇ ಹರಿದು ಬೀಳುತ್ತೆ. ಅರ್ಧ ತುಂಡು ಮಾಡಿ, ಕೊಕ್ಕೆಯ ಉದ್ದಕ್ಕೆ ಇಟ್ಟು, ಎಲಾಸ್ಟಿಕ್ ನೂಲಿನಲ್ಲಿ ಎಂಟು–ಹತ್ತು ಸುತ್ತು ಸುತ್ತಿ, ಕೊಕ್ಕೆಯ ಮೊನೆ ಹೊರಗೆ ಕಾಣುವಂತೆ ಬಿಡಬೇಕು. ಈ ನೂಲನ್ನು ಪ್ಯಾಕೇಜ್‌ನವರು ಇಡುವುದಿಲ್ಲ, ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಹದಿನೈದು ನಿಮಿಷಕ್ಕೊಮ್ಮೆ ಎಳೆದು ಎರೆ ನೋಡಿ, ಏಡಿಗಳು ಸದ್ದಿಲ್ಲದೆ ಖಾಲಿ ಮಾಡಿರುತ್ತವೆ. ಕೆಂಬೇರಿ, ಕೊಕ್ಕರ ಮೀನುಗಳು ಕಲ್ಲಿನ ಕಡೆ ಸಿಗುತ್ತವೆ. ದಂಡೆಯ ತುದಿಯಲ್ಲಿ ಮರಳು ಶುರುವಾಗುವಲ್ಲಿ 6 ನಂಬರಿನ ಸಣ್ಣ ಕೊಕ್ಕೆಗೆ ಸೀಗಡಿ ಹಾಕಿದರೆ ಕಾಣೆ ಮೀನು ಸಿಗುತ್ತೆ.

ಮೀನು ಕಚ್ಚಿದ ಮೇಲೆ ಕಳೆದುಕೊಳ್ಳುವುದು ಕೊನೆಯ ಐದು ಮೀಟರಿನಲ್ಲಿ. ಅಲೆ ಹಿಂದಕ್ಕೆ ಸರಿಯುವಾಗ ಕಲ್ಲುಗಳೂ ಗರಗರ ಅಂತ ಅದರ ಜೊತೆ ಉರುಳುತ್ತವೆ. ಆಗ ಎಳೆದರೆ ಮೀನಿನ ತೂಕ, ನೀರಿನ ಸೆಳೆತ ಎರಡೂ ದಾರದ ಮೇಲೆ ಬಿದ್ದು ಬಾಯಿ ಹರಿಯುತ್ತೆ, ಇಲ್ಲ ದಾರ ಕಡಿಯುತ್ತೆ. ಜೊತೆಗೆ ಬರುವ ಮೀನುಗಾರರು ಹೊಸಬರ ರಾಡ್ ಮೇಲೆ ಕೈಯಿಟ್ಟು, “ತಮಾ, ಎಳಿಬೇಡ. ತೆರೆ ತರ್ತದೆ, ಕಾಯು” ಅನ್ನುತ್ತಾರೆ. ಮುಂದಿನ ಅಲೆ ಮೀನನ್ನು ಎತ್ತಿ ಮೇಲೆ ತರುವಾಗ ಸುಮ್ಮನೆ ದಾರ ಸುತ್ತಿಕೊಳ್ಳುತ್ತಾ ಹಿಂದಕ್ಕೆ ನಡೆಯಬೇಕು, ಅಷ್ಟೇ. ಈ ಪ್ಯಾಕೇಜಿನಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬರುವುದು ಈ ಹಿರಿಯರ ಕೈಗುಣದಿಂದ. ಪ್ರತಿ ಮೀನಿನ ನಂತರ ಲೀಡರಿನ ಕೆಳತುದಿಯನ್ನು ಉಗುರಿನಲ್ಲಿ ಸವರಿ ನೋಡಿ. ಒರಟಾಗಿದ್ದರೆ ಕಲ್ಲು ಕೆರೆದಿದೆ ಎಂದರ್ಥ, ಅಷ್ಟು ಕತ್ತರಿಸಿ ಹೊಸದಾಗಿ ಕಟ್ಟಿ.

ಜನಸಂಖ್ಯೆಯದು ಇನ್ನೊಂದು ತಕರಾರು. ಉಬ್ಬರದಲ್ಲಿ ಈ ದಂಡೆಯ ಬಳಸುವಂಥ ಭಾಗ ಸುಮಾರು 70 ಮೀಟರ್. ರಾಡಿಗೆ ರಾಡಿಗೆ 10 ಮೀಟರ್ ಅಂತರ ಬೇಕು, ಅಂದರೆ ಏಳು ಜನ. ಹದಿನಾಲ್ಕು ಜನ ಒಟ್ಟಿಗೆ ನಿಂತರೆ ಒಬ್ಬರ ದಾರ ಇನ್ನೊಬ್ಬರದಕ್ಕೆ ಹೊಸೆದು ಅರ್ಧ ಹೊತ್ತು ಬಿಡಿಸುವುದರಲ್ಲೇ ಹೋಗುತ್ತೆ. ಗುಂಪಿನಲ್ಲಿ ಮೊದಲೇ ಮಾತಾಡಿಕೊಂಡು ಎರಡು ಪಾಳಿ ಮಾಡಿ, ತಿಂಡಿ ತಿನ್ನುವವರು ಏಳು, ಗಾಳ ಹಾಕುವವರು ಏಳು. ತಿಂಡಿ ಇಡ್ಲಿ, ಬನ್ಸ್. ಚೆನ್ನಾಗಿರುತ್ತೆ. ಮಂಡಕ್ಕಿ ಕಟ್ಟಿಕೊಂಡು ಹೋಗುವವರು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ, ಕಡಲಗಾಳಿಗೆ ಕ್ಷಣದಲ್ಲಿ ಮೆತ್ತಗಾಗುತ್ತೆ.

ಸುರಕ್ಷತೆಗೆ ಲೈಫ್ ಜಾಕೆಟ್ ಇವೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮಾತ್ರ ಹೆಸರಿಗಷ್ಟೇ. ಮೀಸೆಯಿರುವ ಸಮುದ್ರದ ಕ್ಯಾಟ್‌ಫಿಶ್‌ಗೆ ಬೆನ್ನ ಮೇಲೊಂದು, ಅಕ್ಕಪಕ್ಕದ ರೆಕ್ಕೆಗಳಲ್ಲಿ ಒಂದೊಂದು ವಿಷದ ಮುಳ್ಳಿರುತ್ತೆ, ತೊರಕೆಗೆ (ಚಪ್ಪಟೆ ಮೈಯ ಸ್ಟಿಂಗ್‌ರೇ ಮೀನು) ಬಾಲದಲ್ಲಿ. ಎರಡನ್ನೂ ಕೈಯಲ್ಲಿ ಹಿಡಿಯದೆ ಇಕ್ಕಳದಲ್ಲಿ ಕೊಕ್ಕೆ ಬಿಡಿಸಬೇಕು. ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು. ಬಿಸಿಗೆ ನೋವು ಇಳಿಯುತ್ತೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದರೆ ಕೀವಾಗುತ್ತೆ. ಆದ್ದರಿಂದ ಗುಂಪಿಗೆ ಎರಡು ದೊಡ್ಡ ಫ್ಲಾಸ್ಕ್ ಬಿಸಿನೀರು ನೀವೇ ಒಯ್ಯಿರಿ. ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು ಸಿಕ್ಕರೆ ವಾಪಸ್ ಬಿಡಿ. ಅದರ ವಿಷ ಬೇಯಿಸಿದರೂ ಹೋಗಲ್ಲ, ಪ್ರಾಣ ತೆಗೆಯುತ್ತೆ. ಕಡಲ ಹಾವು ಬಂದರೆ ಮುಟ್ಟದೆ ದಾರ ಕತ್ತರಿಸಿ. ಒದ್ದೆ ಕಲ್ಲಿನ ಗೆರೆಯಿಂದ ಮೂರು ಮೀಟರ್ ಮೇಲೆ ನಿಲ್ಲಿ, ಸಮುದ್ರಕ್ಕೆ ಬೆನ್ನು ಹಾಕಬೇಡಿ. ಚಪ್ಪಲಿ ಬೇಡವೇ ಬೇಡ, ಹಿಮ್ಮಡಿ ಮುಚ್ಚುವ ಹಿಡಿತದ ಶೂ ಇರಲಿ.

ಶಿರಸಿ, ದೇವಿಮನೆ ಘಾಟಿಯ ದಾರಿಯಲ್ಲಿ ಡ್ರೈವರ್ ನಿಧಾನಕ್ಕೆ ಇಳಿಸುತ್ತಾರೆ, ಮಧ್ಯಾಹ್ನ ಮಲಗಲು ಬಿಡುತ್ತಾರೆ. ಈ ವಿಷಯದಲ್ಲಿ ಪ್ಯಾಕೇಜ್‌ನವರನ್ನು ನಂಬಬಹುದು. ವಾಪಸ್ ಐದಾರು ಗಂಟೆಯ ದಾರಿ ಇರುವುದರಿಂದ ಮೀನಿಗೆ ಐಸ್ ಮುಖ್ಯ. ಇವರ ಡಬ್ಬಿಯಲ್ಲಿ ಐಸ್ ಕಡಿಮೆ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್ ಬೇಕು. ಬಂದರಿನ ಐಸ್ ಪ್ಲಾಂಟ್ ಹತ್ತಿರ ಗಾಡಿ ನಿಲ್ಲಿಸಿಕೊಳ್ಳಿ. ಕಿವಿರು, ಕರುಳು ದಂಡೆಯಲ್ಲೇ ತೆಗೆದು ಸಮುದ್ರದ ನೀರಿನಲ್ಲಿ ತೊಳೆದು, ಐಸ್–ಮೀನು–ಐಸ್ ಅಂತ ಪದರ ಹಾಕಿ, ಕರಗಿದ ನೀರು ಹೊರಗೆ ಹೋಗುವಂತೆ ಥರ್ಮೋಕೋಲ್ ಡಬ್ಬಿಯ ಮೂಲೆಯಲ್ಲಿ ತೂತು ಮಾಡಿ. ಸೀಟಿನ ಕೆಳಗೆ ಬಕೆಟ್ ಇಟ್ಟರೆ ಗಾಡಿ ನಾರಲ್ಲ.

ಸ್ವಂತ ರೀಲ್ ಒಯ್ದವರು ಅದೇ ರಾತ್ರಿ ತೊಳೆಯಿರಿ. ಡ್ರ್ಯಾಗ್ (ದಾರ ಎಷ್ಟು ಬಿಗಿಯಾಗಿ ಬಿಚ್ಚಬೇಕೆಂದು ಹೊಂದಿಸುವ ತಿರುಪು) ಬಿಗಿ ಮಾಡಿ, ಮಗ್‌ನಿಂದ ತೆಳುವಾಗಿ ಸಿಹಿನೀರು ಹೊಯ್ದು, ಒರೆಸಿ, ಡ್ರ್ಯಾಗ್ ಸಡಿಲಿಸಿ ನೆರಳಲ್ಲಿ ಒಣಗಿಸಬೇಕು. ಬೋರಿನ ಗಡಸು ನೀರಾದರೂ ನಡೆಯುತ್ತೆ. ಪೈಪಿನಲ್ಲಿ ರಭಸವಾಗಿ ಮಾತ್ರ ಹೊಡೆಯಬೇಡಿ, ಮೇಲಿನ ಉಪ್ಪು ಬೇರಿಂಗ್‌ವರೆಗೆ ನುಗ್ಗಿ ಒಳಗಿನಿಂದ ತುಕ್ಕು ಹಿಡಿಯುತ್ತೆ.