ಶೆಡ್ಡಿನ ಮಾಡಿಗೆ ಸೋಲಾರ್ ಹಾಕಿಸುವವರೇ, ಸ್ಕ್ರೂ ಎಲ್ಲಿಗೆ ಹೊಡೆಯುತ್ತಾರೆ ಅಂತ ಮೊದಲು ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು, ಅದರಲ್ಲೂ ಅಡಿಕೆ ಶೆಡ್ಡಿನ ಮೇಲೆ ಸೋಲಾರ್ ಹಾಕಿಸಲು ಈಗ ಕೊಟೇಶನ್ ಕೇಳುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತದೆ. ಎರಡು ತಿಂಗಳಿನಿಂದ ಮನೆಯವರನ್ನು ಬಿಟ್ಟು ಯಾರಲ್ಲೂ ಹೇಳಿರಲಿಲ್ಲ. ಆದರೆ ನಮ್ಮ ಶೆಡ್ಡಿಗೆ ಸೋಲಾರ್ ಹಾಕಿ ಮೋಸ ಮಾಡಿದ ಮನುಷ್ಯ ಹೋದ ವಾರ ನಮ್ಮ ನೆರೆಮನೆಗೆ ಬಂದು, ಅಲ್ಲಿಂದ ಕೈ ತೋರಿಸಿ, "ಆ ಶೆಡ್ಡಿನದ್ದು ನಾವೇ ಮಾಡಿದ್ದು, ಬೇಕಾದರೆ ಕೇಳಿ ನೋಡಿ" ಅಂತ ಹೇಳಿ ಹೋಗಿದ್ದಾನೆ. ಅದು ಕೇಳಿದ ಮೇಲೆ ನನಗೆ ತಡೆಯಲಿಲ್ಲ.

ನಮ್ಮದು ಹಂಚಿನ ಮನೆ. ಹಂಚಿನ ಮೇಲೆ ಪ್ಯಾನೆಲ್ ಕೂರಿಸುವುದು ಕಷ್ಟ, ಹಾಗಾಗಿ ಅಂಗಳದ ಬದಿಯ ಅಡಿಕೆ ಶೆಡ್ಡಿನ ಮೇಲೆ ಅಂತ ಮಾತಾಯಿತು. ಕಬ್ಬಿಣದ ಪೈಪಿನ ಶೆಡ್ಡು, ಮೇಲೆ ಕಲರ್ ಶೀಟು. ಕಟ್ಟಿಸಿ ನಾಲ್ಕು ವರ್ಷ, ಒಳಗೆ ಒಂದು ಹನಿ ಬಿದ್ದದ್ದಿಲ್ಲ. 540 ವ್ಯಾಟಿನ ಆರು ಪ್ಯಾನೆಲ್, 3 ಕಿಲೋವ್ಯಾಟ್, ಒಟ್ಟು 2,05,000 ರೂಪಾಯಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ 78,000 ಸಬ್ಸಿಡಿ ನೇರ ನಮ್ಮ ಖಾತೆಗೆ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಅದು ಬಂದಿದೆ. ಪ್ಯಾನೆಲ್ ಕೂಡ ಹೇಳಿದ್ದೇ ಕೊಟ್ಟಿದ್ದಾರೆ. ಅದರಲ್ಲಿ ನನ್ನ ತಕರಾರಿಲ್ಲ. ಮೋಸ ಆದದ್ದು ಕೂರಿಸಿದ್ದರಲ್ಲಿ. ಮತ್ತೆ ಒಂದು ಕಾಗದದಲ್ಲಿ.

ಮೊದಲ ದಿನ ಬಂದು ಜಗಲಿಯಲ್ಲಿ ಕೂತು ಅವ ಹೇಳಿದ ಮಾತು ಇದು: "ಅಣ್ಣಾ, ನಿಮ್ಮ ಶೀಟಿಗೆ ಏನೂ ಆಗುವುದಿಲ್ಲ. ಪ್ಯಾನೆಲಿನ ಕಾಲುಗಳನ್ನು ಕೆಳಗಿನ ಪೈಪಿಗೇ ಹಿಡಿಸಿ ಕೊಡುತ್ತೇವೆ." ಪೈಪಿಗೇ ಅಂದದ್ದು ನಾನೂ ಕೇಳಿದ್ದೇನೆ, ಪಕ್ಕದಲ್ಲಿದ್ದ ಅಪ್ಪನೂ ಕೇಳಿದ್ದಾರೆ. ಆಗ ನಾನು ಅವನಿಗೆ ಅಣ್ಣ. ಹಣ ಪೂರ್ತಿ ಕೊಟ್ಟ ಮೇಲೆ ಸಾರ್ ಆದೆ. ಈಗ ಫೋನ್ ತೆಗೆದರೆ "ಹೇಳಿ" ಅಂತ ಮಾತ್ರ.

ಕೆಲಸದ ದಿನ ಅವ ಬರಲಿಲ್ಲ, ಮೂವರು ಹುಡುಗರನ್ನು ಕಳಿಸಿದ. ನಾನು ತೋಟದಲ್ಲಿ ಸ್ಪ್ರಿಂಕ್ಲರ್ ಬದಲಿಸುವುದರಲ್ಲಿದ್ದೆ. ಬೆಳಗ್ಗೆ ಬಂದವರು ಸಂಜೆ ಐದಕ್ಕೆ ಮುಗಿಸಿದರು. ಅಂಗಳದಲ್ಲಿ ನಿಂತು ನೋಡಿದರೆ ಆರು ಪ್ಯಾನೆಲ್ ಸಾಲಾಗಿ ಚೆಂದ ಕಾಣುತ್ತಿತ್ತು. ಒಬ್ಬ ಎರಡು ಹಾಳೆ ಹಿಡಿದು ಸಹಿ ಹಾಕಿ ಅಂದ. ಮಲಯಾಳದಲ್ಲಿತ್ತು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡುತ್ತೇನೆ, ಓದಲು ಬರುವುದಿಲ್ಲ. ನನ್ನ ಪ್ರಾಯದವರು ಇಲ್ಲಿ ತುಂಬ ಜನ ಹೀಗೆಯೇ ಇದ್ದೇವೆ. ಅವನಿಗೆ ಫೋನ್ ಮಾಡಿ ಕೇಳಿದೆ. "ಕೆಲಸ ಮುಗಿದದ್ದಕ್ಕೆ ಒಂದು ಸಹಿ ಅಣ್ಣಾ, ಸಬ್ಸಿಡಿಗೆ ಬೇಕು." ಹಾಕಿದೆ.

ಮೇ ತಿಂಗಳ ಮಳೆಗೆ ಶೆಡ್ಡಿನ ಒಂದು ಮೂಲೆ ಒದ್ದೆ ಕಂಡಿತ್ತು. ಎರಚಲು ಇರಬೇಕು ಅಂದುಕೊಂಡೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಜೂನಿನಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಬಿಡದೆ ಹೊಯ್ದು, ಬೆಳಗ್ಗೆ ಬಾಗಿಲು ತೆರೆದರೆ ಐದು ಕಡೆ ದಾರ ಬಿಟ್ಟ ಹಾಗೆ ನೀರು ಇಳಿಯುತ್ತಿತ್ತು. ಕೆಳಗೆ ಗೋಣಿಗಳು. ಹಳೆ ಅಡಿಕೆ ಮಾಡಿ ಕೊಡುವ ಅಂತ ಸುಲಿದು ತುಂಬಿಸಿ ಇಟ್ಟ ಚಾಲಿ. ನಲವತ್ತು ದಿನ ಅಂಗಳದಲ್ಲಿ ಬಿಸಿಲಿಗೆ ಒಣಗಿಸಿದ ಅಡಿಕೆ.

ಆಗ ತಲೆ ಎತ್ತಿ ನೋಡಿದೆ. ಆ ಹೊತ್ತು ನನಗೆ ಮರೆಯುವುದಿಲ್ಲ. ಶೀಟಿನ ಅಡಿಭಾಗದಲ್ಲಿ ಸ್ಕ್ರೂಗಳ ಮೊನೆ ಸಾಲು ಸಾಲಾಗಿ ಹೊರಗೆ ಬಂದು ನಿಂತಿತ್ತು. ಪೈಪಿಗೆ ಹೋಗಬೇಕಾದ ಸ್ಕ್ರೂ, ಪೈಪು ಇರುವುದು ಒಂದು ಗೇಣು ಆಚೆ. ಲೆಕ್ಕ ಮಾಡಿದೆ. ಹನ್ನೆರಡು ಕಾಲು, ಕಾಲಿಗೆ ನಾಲ್ಕರಂತೆ 48 ಸ್ಕ್ರೂ. ಪೈಪಿಗೆ ಸಿಕ್ಕಿದ್ದು ಬರೀ 9. ಉಳಿದ 39 ಸ್ಕ್ರೂ ಹಿಡಿದುಕೊಂಡದ್ದು ಅರ್ಧ ಮಿಲಿಮೀಟರ್ ಇಲ್ಲದ ಶೀಟನ್ನು. ಕೆಲಸ ಮುಗಿದ ದಿನ ಅಂಗಳದಲ್ಲಿ ನಿಂತು ಮೇಲೆ ನೋಡುವ ಬದಲು ಶೆಡ್ಡಿನ ಒಳಗೆ ಹೋಗಿ ತಲೆ ಎತ್ತಿದ್ದರೆ ಅವತ್ತೇ ಕಾಣುತ್ತಿತ್ತು. ಸಹಿ ಹಾಕುವ ಮೊದಲೇ ಕಾಣುತ್ತಿತ್ತು.

ಮಳೆ ಬಿಟ್ಟ ಮೇಲೆ ಏಣಿ ಇಟ್ಟು ಹತ್ತಿದೆ. ಶೀಟಿನಲ್ಲಿ ಉಬ್ಬು ಇರುತ್ತದೆ, ತಗ್ಗು ಇರುತ್ತದೆ. ನೀರು ಹರಿಯುವುದು ತಗ್ಗಿನಲ್ಲಿ. ಸ್ಕ್ರೂ ಹೊಡೆಯಬೇಕಾದ್ದು ಉಬ್ಬಿನ ಮೇಲೆ, ರಬ್ಬರ್ ವಾಷರ್ ಹಾಕಿ, ಕೆಳಗಿನ ಪೈಪು ಹಿಡಿಯುವ ಹಾಗೆ. ಶೀಟಿನ ಕೆಲಸದ ಯಾವ ವೆಲ್ಡರನ್ನು ಕೇಳಿದರೂ ಇದೇ ಹೇಳುತ್ತಾನೆ. ಇವರು ಹೊಡೆದದ್ದೆಲ್ಲ ತಗ್ಗಿಗೆ. ಕಾಲು ಸಪಾಟಾಗಿ ಕೂರಲು ಅದು ಸುಲಭ, ಅಷ್ಟೇ. ಕಾಲುಗಳ ಹಿಂದೆ ತರಗೆಲೆ ಸೇರಿ ನೀರು ಕಟ್ಟಿ ನಿಂತು ತೂತಿಗೆ ಇಳಿಯುತ್ತಿತ್ತು. ಅರ್ಥಿಂಗಿನ ವಯರು ಒಂದು ಪ್ಯಾನೆಲಿನ ಚೌಕಟ್ಟಿನಿಂದ ಬಿಚ್ಚಿ ನೇತಾಡುತ್ತಿತ್ತು. ನಮ್ಮ ಕಡೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು.

ಸೋರುವುದು ಮಾತ್ರ ಆದರೆ ಹೋಗಲಿ ಅನ್ನಬಹುದಿತ್ತು. ಒಂದು ಪ್ಯಾನೆಲ್ ಸುಮಾರು 28 ಕಿಲೋ, ಆರಕ್ಕೆ 168. ಭಾರಕ್ಕಿಂತ ಗಾಳಿಯ ಹೆದರಿಕೆ ದೊಡ್ಡದು. ಪ್ಯಾನೆಲಿನ ಅಡಿಗೆ ಗಾಳಿ ಹೊಕ್ಕು ಮೇಲಕ್ಕೆ ಎತ್ತುತ್ತದೆ. ಶೀಟಿನ ತೂತುಗಳು ಆಗಲೇ ಅಗಲ ಆಗಿದ್ದವು. ಆ ಶೆಡ್ಡಿನ ಅಡಿಯಲ್ಲಿ ಮಕ್ಕಳು ಆಡುತ್ತಾರೆ, ಹೆಂಗಸರು ಕೂತು ಅಡಿಕೆ ಸುಲಿಯುತ್ತಾರೆ.

ಅವನ ಉತ್ತರಗಳನ್ನು ಬರೆಯುತ್ತೇನೆ, ಯಾಕೆಂದರೆ ನಿಮಗೂ ಇದೇ ಸಿಗಬಹುದು. ಮೊದಲ ಫೋನಿಗೆ "ಶರಿಯಾಕ್ಕಾಂ", ಅಂದರೆ ಮಲಯಾಳದಲ್ಲಿ ಸರಿ ಮಾಡುವ ಅಂತ. ಎರಡನೆಯದಕ್ಕೂ "ಶರಿಯಾಕ್ಕಾಂ ಸಾರ್, ಮಳೆಯಲ್ಲಿ ಹುಡುಗರು ಹತ್ತುವುದಿಲ್ಲ". ಹತ್ತು ದಿನ ಬಿಟ್ಟು ಒಬ್ಬ ಹುಡುಗ ಸಿಲಿಕಾನ್ ಟ್ಯೂಬ್ ಹಿಡಿದು ಬಂದು ಒದ್ದೆ ಶೀಟಿನ ಮೇಲೆಯೇ ಮೆತ್ತಿ ಹೋದ, ನಾಲ್ಕು ದಿನ ನಿಂತಿತು. ಮತ್ತೆ ಫೋನ್ ಮಾಡಿದರೆ "ನಿಮ್ಮ ಶೀಟೇ ಹಳೆಯದು ಸಾರ್". ಸ್ಕ್ರೂಗಳ ಫೋಟೊ ಕಳಿಸಿದೆ. "ಸಬ್ಸಿಡಿ ಬಂತಲ್ಲ ಸಾರ್? ಕೆಲಸ ಸರಿ ಇಲ್ಲದಿದ್ದರೆ ಬರುತ್ತಿತ್ತಾ?" ಸಬ್ಸಿಡಿಗೂ ಶೀಟಿನ ತೂತಿಗೂ ಏನು ಸಂಬಂಧ? ಯೋಜನೆಯ ಪ್ರಕಾರ ಐದು ವರ್ಷ ನಿರ್ವಹಣೆ ನಿಮ್ಮದೇ ಅಲ್ಲವಾ ಅಂತ ಕೇಳಿದೆ. "ಅದು ಇನ್ವರ್ಟರಿಗೆ, ಮಾಡಿಗಲ್ಲ." ಕೊನೆಗೆ, "ಕಾಗದ ತೆಗೆದು ನೋಡಿ ಸಾರ್, ನೀವೇ ಸಹಿ ಹಾಕಿದ್ದೀರಿ."

ಒಂಬತ್ತನೆಯಲ್ಲಿ ಓದುವ ಮಗಳನ್ನು ಕರೆದು ಓದಿಸಿದೆ. ಅವಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಾಳೆ. ಮಾಡು ಸೋರಿದರೆ "ಞಂಙಳ್ ಉತ್ತರವಾದಿಗಳಲ್ಲ", ಅಂದರೆ ನಾವು ಜವಾಬ್ದಾರರಲ್ಲ, ಅಂತ ಓದಿ ನನ್ನ ಮುಖ ನೋಡಿದಳು. ಅದರ ಕೆಳಗೆ, ಗ್ರಾಹಕರು ಮೇಲೆ ಹತ್ತಿ ಕೆಲಸ ಪರೀಕ್ಷಿಸಿ ತೃಪ್ತರಾಗಿದ್ದಾರೆ ಅಂತಲೂ ಇತ್ತು. ನಾನು ಹತ್ತಲೇ ಇಲ್ಲ! ಅಪ್ಪ ಅಲ್ಲೇ ಇದ್ದರು, ಏನೂ ಹೇಳಲಿಲ್ಲ. ಅವರು ಬೈದಿದ್ದರೆ ಒಳ್ಳೆಯದಿತ್ತು.

ಜುಲೈಯಲ್ಲಿ ನಾಲ್ಕು ದಿನ ಬಿಸಿಲು ಬಿಟ್ಟಾಗ ನಮ್ಮೂರಿನ ವೆಲ್ಡರನ್ನೂ ವಯರಿಂಗಿನವನನ್ನೂ ಕರೆದು ಎಲ್ಲ ಇಳಿಸಿ, ಎರಡು ಶೀಟು ಬದಲಿಸಿ, ಕಾಲುಗಳನ್ನು ಪೈಪಿಗೆ ಬೋಲ್ಟ್ ಹಾಕಿ ಕೂರಿಸಿದೆ. 26,500 ರೂಪಾಯಿ. ಎರಡು ಗೋಣಿ ಅಡಿಕೆಗೆ ಬೂಷ್ಟು ಹಿಡಿದು ಕರಿಗೋಟಿನ, ಅಂದರೆ ಕಡಿಮೆ ಬೆಲೆಯ ಹಾಳಾದ ಅಡಿಕೆಯ, ಲೆಕ್ಕಕ್ಕೆ ಹೋಯಿತು. ಅದರ ನಷ್ಟ ಬೇರೆ.

ನೀವು ಹಾಕಿಸುವುದಾದರೆ, ಕೆಲಸದ ದಿನ ತೋಟಕ್ಕೆ ಹೋಗಬೇಡಿ, ಅಲ್ಲೇ ನಿಲ್ಲಿ. ಮೊದಲ ಕಾಲು ಹಿಡಿಸಿದ ಕೂಡಲೇ ಒಳಗೆ ಹೋಗಿ ಮೇಲೆ ನೋಡಿ. ಬರೀ ಮೊನೆ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಕಡೆಯ 20,000 ಆದರೂ ಒಂದು ದೊಡ್ಡ ಮಳೆ ಕಳೆಯುವ ತನಕ ಕೈಯಲ್ಲಿಟ್ಟುಕೊಳ್ಳಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ, ಕನ್ನಡದಲ್ಲಿ ಬರೆದು ಕೊಡಿ ಅಂತ ಕೇಳಿ, ಇಲ್ಲವಾದರೆ ಮನೆಯ ಮಕ್ಕಳಿಂದ ಓದಿಸಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಕಾಗದ, ಫೋಟೊ ಜೋಡಿಸುತ್ತಿದ್ದೇನೆ. 5 ಲಕ್ಷದ ಒಳಗಿನದ್ದಕ್ಕೆ ಅಲ್ಲಿ ಫೀಸಿಲ್ಲ, ನಾವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ನಿನ್ನೆ ಅವನಿಗೆ ಮತ್ತೊಮ್ಮೆ ಫೋನ್ ಮಾಡಿ 26,500 ಕೊಡು ಅಂದೆ. "ಮಳೆ ಒಮ್ಮೆ ಬಿಡಲಿ ಸಾರ್, ಹುಡುಗರನ್ನು ಕಳಿಸಿ ಶರಿಯಾಕ್ಕಾಂ" ಅಂದ. ನಾನು ಸರಿ ಮಾಡಿಸಿ ಒಂದು ತಿಂಗಳಾಯಿತು ಅಂತ ಅವನಿಗೆ ಮೂರು ಸಲ ಹೇಳಿಯಾಗಿದೆ.