ಹಲಗೆಯ ಮೇಲೆ ಶ್ಲೇಷೆ, ತಟ್ಟೆಯಲ್ಲಿ ಒಟ್ಟಿ: ಮಡಿಕೇರಿ ಬಳಿಯ ಒಂದು ಊಟದ ಮನೆ

ಮಡಿಕೇರಿಯಿಂದ ಮೂರ್ನಾಡಿನ ಮೇಲೆ ವಿರಾಜಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ಈ ಊಟದ ಮನೆಗೆ ಅಡುಗೆಯಿಂದ ಎಷ್ಟು ಹೆಸರಿದೆಯೋ, ಬಾಗಿಲ ಪಕ್ಕದ ಕರಿಹಲಗೆಯಿಂದಲೂ ಅಷ್ಟೇ ಹೆಸರಿದೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಮಾಲೀಕರು ಸೀಮೆಸುಣ್ಣದಿಂದ ಅದರ ಮೇಲೆ ಒಂದೋ ಎರಡೋ ಹೊಸ ಸಾಲು ಬರೆಯುತ್ತಾರೆ; ಸಾಮಾನ್ಯವಾಗಿ ಅದು ಒಂದೇ ಮಾತಿನಿಂದ ಎರಡು ಅರ್ಥ ಹೊರಡಿಸುವ ಶ್ಲೇಷೆಯಾಗಿರುತ್ತದೆ. ಅರ್ಥವಾದವರು ನಗುತ್ತಾ ಒಳಗೆ ಬರುತ್ತಾರೆ, ಅರ್ಥವಾಗದವರು ತಮ್ಮಲ್ಲೇ ಏನೋ ಕೊರತೆಯಿದೆ ಎಂಬಂತೆ ಪೆಚ್ಚಾಗಿ ಬರುತ್ತಾರೆ. ಗಿರಾಕಿಗಳನ್ನು ಬಾಗಿಲಲ್ಲೇ ಹೀಗೆ ಎರಡು ಪಂಗಡ ಮಾಡಿಬಿಡುವ ಹಾಸ್ಯವನ್ನು ಒಂದು ಹೋಟೆಲು ಹೇಗೆ ನಿಭಾಯಿಸುತ್ತದೆ ಎಂಬುದೂ ಅದರ ಸೇವೆಯ ಭಾಗವೇ ಎಂದು ನಾನು ನಂಬಿದ್ದೇನೆ. ಆದ್ದರಿಂದ ಈ ವಿಮರ್ಶೆಯಲ್ಲಿ ಊಟಕ್ಕಿಂತ ಹಲಗೆಯ ಮಾತೇ ಹೆಚ್ಚು.

ಹಲಗೆಯ ತಲೆಯ ಮೇಲೆ ಎಂದೂ ಅಳಿಸದ ಸಾಲೊಂದಿದೆ: ‘ಒಟ್ಟಿಗೆ ಬನ್ನಿ.’ ಮೈಸೂರಿನಿಂದಲೋ ಹಾಸನದಿಂದಲೋ ಬಂದವರಿಗೆ ಇದು ಸಂಸಾರ ಸಮೇತ ಬನ್ನಿ ಎನ್ನುವ ಸಾಮಾನ್ಯ ಆಹ್ವಾನ. ಕೊಡಗಿನವರಿಗೆ ಮಾತ್ರ ಅದರೊಳಗೆ ಅಕ್ಕಿ ಒಟ್ಟಿ ಕಾಣಿಸುತ್ತದೆ. ಅನ್ನವನ್ನೂ ಅಕ್ಕಿಹಿಟ್ಟನ್ನೂ ಕಲಸಿ ನಾದಿ, ತಟ್ಟಿ, ಹಂಚಿನ ಮೇಲೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸುವ ಆ ಒಟ್ಟಿಗಾಗಿ ಬನ್ನಿ ಎಂಬುದು ಎರಡನೆಯ ಅರ್ಥ. ಪದವನ್ನು ಒಡೆದಾಗ ಬೇರೆಯೇ ಅರ್ಥ ಹೊರಡುವ ಇಂಥದ್ದನ್ನು ನಮ್ಮ ಅಲಂಕಾರಶಾಸ್ತ್ರ ಸಭಂಗ ಶ್ಲೇಷೆ ಎಂದು ಕರೆಯುತ್ತದೆ. ಕನ್ನಡದ ವಿಭಕ್ತಿ ಪ್ರತ್ಯಯವೂ ಕೊಡಗಿನ ತಿಂಡಿಯ ಹೆಸರೂ ಇಷ್ಟು ಸಹಜವಾಗಿ ಕೂಡಿಕೊಂಡ ಸಾಲನ್ನು ನಾನು ಬೇರೆ ಯಾವ ಹೋಟೆಲಿನ ಗೋಡೆಯ ಮೇಲೂ ಓದಿಲ್ಲ.

ನಾನು ಹೋದಾಗ ಪಕ್ಕದ ಮೇಜಿನಲ್ಲಿ ಪ್ರವಾಸಕ್ಕೆ ಬಂದ ಕುಟುಂಬವೊಂದು ಕುಳಿತಿತ್ತು. ಅದರಲ್ಲಿ ಸುಮಾರು ಹತ್ತು ವರ್ಷದ ಹುಡುಗಿ, ಸ್ಥಳೀಯರು ಆ ಹಲಗೆ ತೋರಿಸಿ ನಗುವುದನ್ನು ಕಂಡು ಮಾಲೀಕರನ್ನೇ ಕೇಳಿದಳು: “ಅಂಕಲ್, ಒಟ್ಟಿಗೆ ಬನ್ನಿ ಅಂದ್ರೆ ಅದ್ರಲ್ಲಿ ನಗೋಕೆ ಏನಿದೆ?” ಅವರು ಉತ್ತರ ಹೇಳಲಿಲ್ಲ. ಅಡುಗೆಮನೆಗೆ ಹೋಗಿ, ಆಗಷ್ಟೇ ಉಬ್ಬಿ ಇಳಿಯುತ್ತಿದ್ದ ಒಟ್ಟಿಯೊಂದನ್ನು ಬಾಳೆ ಎಲೆಯ ತುಂಡಿನ ಮೇಲೆ ತಂದು ಅವಳ ಮುಂದಿಟ್ಟು, “ಇದರ ಹೆಸರು ಒಟ್ಟಿ, ಮಗಳೇ. ಈಗ ಇನ್ನೊಂದು ಸಲ ಓದು” ಎಂದರು. ಹುಡುಗಿ ಹಲಗೆಯತ್ತ ತಿರುಗಿ, ತುಟಿಯಲ್ಲೇ ಓದಿಕೊಂಡು, ಒಮ್ಮೆಲೆ ನಕ್ಕು, ಪಕ್ಕದಲ್ಲಿದ್ದ ಅಜ್ಜಿಗೆ ತಾನೇ ಬಿಡಿಸಿ ಹೇಳತೊಡಗಿದಳು. ವಿವರಿಸಿದರೆ ಹಾಸ್ಯ ಸತ್ತುಹೋಗುತ್ತದೆ ಎನ್ನುವವರು ಈ ಮೇಜನ್ನು ನೋಡಬೇಕಿತ್ತು. ಅರ್ಥವನ್ನು ಬಾಯಲ್ಲಿ ಹೇಳದೆ ಕೈಗೆ ಕೊಟ್ಟು, ನಗುವ ಕೊನೆಯ ಹೆಜ್ಜೆಯನ್ನು ಆ ಮಗುವಿಗೇ ಬಿಟ್ಟರಲ್ಲ, ಆ ಸೂಕ್ಷ್ಮಕ್ಕಾಗಿಯೇ ನಾನು ಈ ಜಾಗಕ್ಕೆ ಮತ್ತೆ ಹೋಗುತ್ತೇನೆ.

ಎಲ್ಲ ಸಾಲುಗಳೂ ಭಾಷೆಯಿಂದಲೇ ಕಷ್ಟವಾಗುವುದಿಲ್ಲ. ಅಂದಿನ ಹೊಸ ಸಾಲು ಹೀಗಿತ್ತು: ‘ಮಂತ್ರಿಗಳ ಮೇಲೆ ಹೂಮಳೆಯಾಯಿತು, ತೋಟದ ಮೇಲೆ ಇನ್ನೂ ಇಲ್ಲ.’ ಪದಗಳೆಲ್ಲ ಅಚ್ಚ ಕನ್ನಡದವೇ, ಆದರೂ ಬಯಲುಸೀಮೆಯ ಓದುಗರಿಗೆ ಎರಡನೆಯ ಭಾಗ ಹಿಡಿತಕ್ಕೆ ಸಿಗುವುದಿಲ್ಲ. ಕಾಫಿ ಬೆಳೆಯುವವರಿಗೆ ಹೂಮಳೆ ಎಂದರೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ಮೊಗ್ಗು ಬಿರಿಯಲು ಬೀಳಬೇಕಾದ ಮಳೆ. ಅದು ಬಿದ್ದು ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಬೀಳದಿದ್ದರೆ ಕೆರೆಯಲ್ಲಿ ನೀರಿರುವವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಆ ಆತಂಕ ಗೊತ್ತಿದ್ದವರಿಗೆ ಈ ಸಾಲು ನಗುವಿಗಿಂತ ಹೆಚ್ಚಾಗಿ ನಿಟ್ಟುಸಿರನ್ನು ತರುತ್ತದೆ. ಹಳೆಯ ಸಾಲುಗಳನ್ನು ಬರೆದಿಟ್ಟ ನೋಟ್ ಪುಸ್ತಕವೊಂದು ಗಲ್ಲಾದ ಮೇಲಿದೆ, ಕೇಳಿದವರಿಗೆ ಕೊಡುತ್ತಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು: ‘ಆನೆ ಕಾಡು ಬಿಟ್ಟಿತು, ಕಾಡುವುದನ್ನು ಬಿಡಲಿಲ್ಲ.’ ರಾತ್ರಿ ತೋಟಕ್ಕೆ ಆನೆ ನುಗ್ಗುವ ಊರಿನವರೇ ಬರೆಯಬಲ್ಲ ಸಾಲಿದು. ಪಾಪುಟ್ಟು ಎಂಬ ಅಕ್ಕಿತರಿಯ ತಿಂಡಿಯ ಮೇಲೆ ಬರೆದ ‘ಪಾಪು ಅತ್ತರೆ ಪಾಪುಟ್ಟು’ ಎಂಬಂಥವೂ ಅದರಲ್ಲಿ ಸಾಕಷ್ಟಿವೆ. ಅವು ಬರಿಯ ಪ್ರಾಸ, ಅವನ್ನು ಶ್ಲೇಷೆಯೆಂದು ಲೆಕ್ಕಕ್ಕೆ ಹಿಡಿಯಲಾರೆ.

ಇನ್ನು ಆಕ್ಷೇಪಗಳು. ಹಲಗೆಯ ಹಾಸ್ಯ ತಿಂಡಿಯ ಪಟ್ಟಿಗೂ ಹಬ್ಬಿರುವುದು ನನಗೆ ಸರಿಕಾಣಲಿಲ್ಲ. ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದಂದಿನಿಂದ ಬೇಸಿಗೆಯ ಕೊಡಗಿನಲ್ಲಿ ಹಾಕಿಯದೇ ಮಾತು; ಅದನ್ನು ನೆನೆದು ಇಲ್ಲಿನ ಪಂದಿ ಕರಿ ಮತ್ತು ಕಡಂಬುಟ್ಟಿನ (ಅಕ್ಕಿತರಿಯ ಉಂಡೆಯ) ತಟ್ಟೆಗೆ ‘ಪಂದ್ಯಶ್ರೇಷ್ಠ’ ಎಂದು ಹೆಸರಿಟ್ಟಿದ್ದಾರೆ. ಹೆಸರು ಜಾಣತನದ್ದೇ, ಒಪ್ಪುತ್ತೇನೆ. ಆದರೆ ಪಂದಿ ಎಂದರೆ ಹಂದಿ ಎಂದು ತಿಳಿಯದವರು, ಸಸ್ಯಾಹಾರಿಗಳು, ಧರ್ಮದ ಕಾರಣಕ್ಕೆ ಹಂದಿಮಾಂಸ ಮುಟ್ಟದವರು ಆ ಹೆಸರನ್ನು ನಂಬಿ ತರಲು ಹೇಳಿದರೆ ಆಗುವ ಸಂಕಟ ಸಣ್ಣದಲ್ಲ. ಬಾಗಿಲ ಹಲಗೆ ಅರ್ಥವಾಗದಿದ್ದರೆ ಒಂದು ನಗು ತಪ್ಪೀತು. ಪಟ್ಟಿ ಅರ್ಥವಾಗದಿದ್ದರೆ ತಟ್ಟೆಗೆ ಬೇಡದ್ದೇ ಬಂದೀತು. ಪ್ರತಿ ಹೆಸರಿನ ಕೆಳಗೆ ತಟ್ಟೆಯಲ್ಲಿ ಏನೇನಿರುತ್ತದೆ ಎಂದು ಒಂದು ಸಾಲು ನೇರವಾಗಿ ಬರೆಯಲೇಬೇಕು.

ಎರಡನೆಯ ಆಕ್ಷೇಪ ಬಡಿಸುವವರ ಬಗ್ಗೆ. ಹಿಂದಿನ ದಿನದ ಹಾಕಿ ಸೋಲನ್ನು ಕುರಿತು, ಎರಡು ಮನೆತನದ ಹೆಸರುಗಳನ್ನು ತಿರುಚಿ ಬರೆದ ಸಾಲೊಂದು ಒಳಗೋಡೆಯ ಮೇಲಿತ್ತು. ಅದನ್ನು ಓದಲು ಹೆಣಗುತ್ತಿದ್ದ ಹಿರಿಯರೊಬ್ಬರು ಅರ್ಥ ಕೇಳಿದಾಗ, ಬಡಿಸುವ ಯುವಕ, “ಅದು ನಮ್ಮ ಕಡೆಯವರಿಗೆ ಸರ್, ನಿಮಗೆ ಗೊತ್ತಾಗಲ್ಲ” ಎಂದು ಜೊತೆಗಾರನ ಮುಖ ನೋಡಿ ನಕ್ಕ. ಹಿರಿಯರು ತಟ್ಟೆಯ ಕಡೆಗೆ ತಿರುಗಿದರು; ಆಮೇಲೆ ಏನನ್ನೂ ಕೇಳಲಿಲ್ಲ. ಒಳಗಿನವರಿಗಷ್ಟೇ ತಿಳಿಯುವ ಮಾತು ಇರುವುದು ತಪ್ಪಲ್ಲ, ಪ್ರತಿ ಊರಿಗೂ ಪ್ರತಿ ಮನೆಗೂ ಅದು ಬೇಕು. ಆದರೆ ಕೇಳಿದವರಿಗೆ ಬಾಗಿಲು ಹಾಕುವುದು, ಅದರಲ್ಲೂ ದುಡ್ಡು ಕೊಟ್ಟು ಉಣ್ಣಲು ಬಂದವರಿಗೆ, ಅವಮಾನವೇ. ಒಟ್ಟಿ ತಂದಿಟ್ಟ ಮಾಲೀಕರ ರೀತಿಯನ್ನು ಅವರ ಹುಡುಗರು ಇನ್ನೂ ಕಲಿತಿಲ್ಲ.

ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆ ಇದು. ಕೊಡವ ತಕ್ಕ್‌ನಂತೆ ಅರೆಭಾಷೆಗೂ ಮಡಿಕೇರಿಯಲ್ಲಿ ಪ್ರತ್ಯೇಕ ಅಕಾಡೆಮಿಯಿದೆ. ಹೀಗಿದ್ದೂ ನೋಟ್ ಪುಸ್ತಕದಲ್ಲಿ ಅರೆಭಾಷೆಯ ಒಂದು ಸಾಲೂ ನನಗೆ ಸಿಗಲಿಲ್ಲ. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಆ ಭಾಷೆಯವರು ಬಹಳ ಮಂದಿ ಇದ್ದಾರೆ; ಅವರಿಂದಲೇ ಕೇಳಿ ಬರೆಯಬಹುದು.

ಊಟದ ಬಗ್ಗೆ ದೂರಿಲ್ಲ. ಪಂದಿ ಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹದವಾಗಿ ಬಿದ್ದು ಬಣ್ಣ ಕಪ್ಪಗಿತ್ತು, ಹುಳಿ ನಾಲಿಗೆಯ ಮೇಲೆ ನಿಂತಿತು. ಸಸ್ಯಾಹಾರಿಗಳು ಒಟ್ಟಿಯ ಜೊತೆಗೆ ಎಳ್ಳು ಪಜ್ಜಿಯನ್ನು, ಅಂದರೆ ಎಳ್ಳಿನ ಚಟ್ನಿಯನ್ನು, ಕೇಳಿ ಪಡೆಯಬೇಕು, ಪಟ್ಟಿಯಲ್ಲಿ ಅದರ ಹೆಸರಿಲ್ಲ. ಬೆಲೆ ಸುತ್ತಮುತ್ತಲಿನ ಹೋಟೆಲುಗಳಷ್ಟೇ. ಶನಿವಾರ, ಭಾನುವಾರ ಪ್ರವಾಸಿಗರ ದಟ್ಟಣೆಯಲ್ಲಿ ಮಾಲೀಕರಿಗೆ ಮಾತಿಗೆ ಪುರಸೊತ್ತಿರುವುದಿಲ್ಲವಾದ್ದರಿಂದ, ನೋಟ್ ಪುಸ್ತಕ ಓದುವ ಮನಸ್ಸಿರುವವರು ವಾರದ ನಡುವೆ, ಹನ್ನೆರಡರ ಒಳಗೆ ಹೋಗುವುದು ಒಳ್ಳೆಯದು.