ಡ್ರೈವರ್ ತಿದ್ದಲು ಕಲಿಯುವುದಕ್ಕೆ ಕ್ಯೂಎಮುವೋ, ರಾಸ್ಪ್‌ಬೆರಿ ಪೈಯೋ?

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಸಾಧನಗಳನ್ನು ನಡೆಸುವ ಡ್ರೈವರ್‌ಗಳನ್ನು ತಿದ್ದಲು ಕಲಿಯುವುದಕ್ಕೆ ನಾನು ಎರಡು ದಾರಿಗಳನ್ನು ಹಿಡಿದು ನೋಡಿದೆ: ಇಡೀ ಕಂಪ್ಯೂಟರನ್ನೇ ತಂತ್ರಾಂಶದಲ್ಲಿ ಅನುಕರಿಸುವ ಕ್ಯೂಎಮು ಎಮ್ಯುಲೇಟರ್‌ನೊಳಗಿನ ‘ಎಜು’ ಸಾಧನ ಒಂದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಜೋಡಿಸಿದ ಎಲ್‌ಎಂ75 ತಾಪಮಾನ ಸೆನ್ಸರ್ ಇನ್ನೊಂದು. ದಿನನಿತ್ಯ ಬಳಸುವ ಲ್ಯಾಪ್‌ಟಾಪ್ ಮೇಲೆಯೇ ಪ್ರಯೋಗ ಮಾಡುವ ಗೋಜಿಗೆ ಹೋಗಲಿಲ್ಲ. ಮೆಮೊರಿಯ ತಪ್ಪು ಜಾಗವನ್ನು ತೋರಿಸುವ ಒಂದು ಕೆಟ್ಟ ಪಾಯಿಂಟರ್ ಇಡೀ ಯಂತ್ರವನ್ನು ನಿಲ್ಲಿಸಬಲ್ಲದು.

ಎಜು ಎಂಬುದು ಚೆಕ್ ಗಣರಾಜ್ಯದ ಮಸಾರಿಕ್ ವಿಶ್ವವಿದ್ಯಾಲಯದ ಕರ್ನಲ್ ಪಾಠಗಳಿಗೆಂದು ರೂಪಿಸಿದ, ತಂತ್ರಾಂಶದಲ್ಲಷ್ಟೇ ಇರುವ ಪಿಸಿಐ ಸಾಧನ (ಕಂಪ್ಯೂಟರ್‌ಗೆ ಕಾರ್ಡ್‌ಗಳನ್ನು ಜೋಡಿಸುವ ವ್ಯವಸ್ಥೆಯೇ ಪಿಸಿಐ). ಅದರ ರಿಜಿಸ್ಟರ್ ಎಂಬ ಪುಟ್ಟ ಕೋಶಕ್ಕೆ ಒಂದು ಸಂಖ್ಯೆಯನ್ನು ಬರೆದರೆ ಫ್ಯಾಕ್ಟೋರಿಯಲ್ ಲೆಕ್ಕ ಹಾಕಿ, ಕೇಳಿಕೊಂಡಿದ್ದರೆ ಪ್ರೊಸೆಸರ್‌ನ ಗಮನ ಸೆಳೆಯುವ ಇಂಟರಪ್ಟ್ ಸಂಕೇತವನ್ನು ಕಳಿಸುತ್ತದೆ. ಎಂಎಸ್‌ಐ (ಇಂಟರಪ್ಟನ್ನು ಲೈನ್ ಬದಲು ಸಂದೇಶವಾಗಿ ಕಳಿಸುವ ವಿಧಾನ) ಬಳಸದೆ, ಇಂಟರಪ್ಟನ್ನು ನಿಭಾಯಿಸುವ ಹ್ಯಾಂಡ್ಲರ್‌ನಲ್ಲಿ ಅದು ತಲುಪಿತೆಂದು ಸಾಧನಕ್ಕೆ ತಿಳಿಸುವ, ಅಂದರೆ ಅಕ್ನಾಲೆಡ್ಜ್ ಮಾಡುವ ಸಾಲನ್ನು ಬೇಕೆಂದೇ ತೆಗೆದು, ‘ಇದು ನನ್ನದಲ್ಲ’ ಎಂದು ಹೇಳುವ ಐಆರ್‌ಕ್ಯೂ_ನನ್ ಅನ್ನು ಹಿಂದಿರುಗಿಸಿದಾಗ ಇಂಟರಪ್ಟ್ ಬಿಡದೆ ಬರತೊಡಗಿತು. 1,00,000 ಬಾರಿಯಲ್ಲಿ 99,900ಕ್ಕೂ ಹೆಚ್ಚು ಬಾರಿ ಯಾರೂ ಹೊಣೆ ಹೊರದಿದ್ದುದನ್ನು ಕಂಡ ಕರ್ನಲ್, ‘ನೋಬಡಿ ಕೇರ್ಡ್’ (ಯಾರೂ ಗಮನಿಸಲಿಲ್ಲ) ಎಂದು ಲಾಗ್‌ನಲ್ಲಿ ಬರೆದು ಆ ಇಂಟರಪ್ಟ್ ಲೈನನ್ನೇ ಮುಚ್ಚಿತು. ಇಂಥದ್ದನ್ನು ನಿರ್ಭಯವಾಗಿ ಮಾಡಿ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಬೂಟ್ ಮಾಡುವ ಸೌಕರ್ಯ ಪೈಯಲ್ಲಿಲ್ಲ. ದೋಷ ಹುಡುಕುವ ಸಾಧನವಾದ ಜಿಡಿಬಿಯನ್ನು ಜೋಡಿಸಿ, ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್ ಫಂಕ್ಷನ್‌ನಲ್ಲಿ ನಿಲ್ಲುವುದೂ ಕ್ಯೂಎಮುವಿನಲ್ಲಿ ಸಲೀಸು.

ಆದರೆ ಎಜು ಸುಳ್ಳು ಹೇಳುವುದಿಲ್ಲ, ಕೈಕೊಡುವುದೂ ಇಲ್ಲ. ಅದೇ ಅದರ ಕೊರತೆ. ಪೈಯಲ್ಲಿ, ಎರಡು ತಂತಿಗಳಲ್ಲಿ ಚಿಪ್‌ಗಳನ್ನು ಜೋಡಿಸುವ ಐ2ಸಿ ಬಸ್‌ನ ಹೆಕ್ಸ್ 48ನೆಯ ವಿಳಾಸದಲ್ಲಿ ಸೆನ್ಸರ್ ಇಟ್ಟು, ಡ್ರೈವರ್ ಚಾಲನೆಯಲ್ಲಿರುವಾಗಲೇ ಡೇಟಾ ತಂತಿಯನ್ನು ಕಿತ್ತರೆ, ಅದುವರೆಗೆ 28500 ಎಂದು ಮಿಲಿಡಿಗ್ರಿಯಲ್ಲಿ ಉತ್ತರಿಸುತ್ತಿದ್ದ ಸಿಸ್‌ಎಫ್‌ಎಸ್ ಕಡತ (ಸಾಧನದ ಮಾಹಿತಿಯನ್ನು ಕರ್ನಲ್ ಕಡತದ ರೂಪದಲ್ಲಿ ತೋರಿಸುವ ಜಾಗ) ದೋಷವನ್ನು ಹಿಂದಿರುಗಿಸುತ್ತದೆ. ಪ್ರತಿಯೊಂದು ಓದಿನ ಫಲಿತಾಂಶವನ್ನೂ ಡ್ರೈವರ್ ಏಕೆ ಪರೀಕ್ಷಿಸುತ್ತದೆ ಎಂಬುದು ಅಲ್ಲಿ ಮನದಟ್ಟಾಗುತ್ತದೆ. ಇನ್ನೂ ಮುಖ್ಯವಾದದ್ದೆಂದರೆ, ಎಜುಗೆ ಡ್ರೈವರನ್ನು ನಾವೇ ಬರೆಯಬೇಕು, ಎಲ್‌ಎಂ75ರ ಡ್ರೈವರ್ ಕರ್ನಲ್‌ನಲ್ಲೇ ಇದೆ. ಒಂದೇ ಕಡತ ಹಲವು ಚಿಪ್‌ಗಳನ್ನು ನಿಭಾಯಿಸುವುದರಿಂದ, ಪ್ರತಿ ಚಿಪ್‌ನ ರೆಸಲ್ಯೂಷನ್, ಮಾದರಿ ತೆಗೆದುಕೊಳ್ಳುವ ಅವಧಿ ಮುಂತಾದವು ಒಂದು ಕೋಷ್ಟಕದಲ್ಲಿ ಕುಳಿತಿವೆ; ಬೇರೆಯವರ ಕೋಡ್‌ನಲ್ಲಿ ಎಲ್ಲಿ ಕೈಹಾಕಬೇಕು, ಎಲ್ಲಿ ಹಾಕಬಾರದು ಎಂಬ ವಿವೇಕ ಇಂಥ ಓದಿನಿಂದಲೇ ಬರುವುದು.

ಆದ್ದರಿಂದ ಇಂಟರಪ್ಟ್, ಲಾಕ್, ಮೆಮೊರಿಗಳ ಪಾಠವನ್ನು ಕ್ಯೂಎಮುವಿನಲ್ಲಿ, ಕೇಸಾನ್ (ಮೆಮೊರಿ ತಪ್ಪುಗಳನ್ನು ಹಿಡಿಯುವುದು) ಮತ್ತು ಲಾಕ್‌ಡೆಪ್‌ (ಲಾಕ್‌ಗಳ ತಪ್ಪುಗಳನ್ನು ಹಿಡಿಯುವುದು) ಗಳನ್ನು ಹಾಕಿಕೊಂಡು ಮುಗಿಸಿ, ಡ್ರೈವರ್ ಮಾಡ್ಯೂಲನ್ನು ಕರ್ನಲ್‌ಗೆ ಹಾಕಿ ತೆಗೆದಾಗಲೂ ಲಾಗ್ ಮೌನವಾಗಿದ್ದರೆ ಆಗ ಪೈಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಪೈ ಕೊಳ್ಳುವವರು ಸೆನ್ಸರ್‌ಗಿಂತ ಮೊದಲು ಯುಎಸ್‌ಬಿ ಸೀರಿಯಲ್ ಕೇಬಲ್ ಕೊಳ್ಳಲಿ, ಏಕೆಂದರೆ ಪ್ಯಾನಿಕ್ ಆಗಿ ಕರ್ನಲ್ ನಿಂತುಹೋದಾಗ, ಜಾಲದ ಮೂಲಕ ಪೈಯನ್ನು ತಲುಪುವ ಎಸ್‌ಎಸ್‌ಎಚ್‌ನಲ್ಲಿ ಏನೂ ಕಾಣುವುದಿಲ್ಲ; ಕೇಬಲ್ ಮಾತ್ರ 3.3 ವೋಲ್ಟ್‌ನದೇ ಆಗಿರಬೇಕು, 5 ವೋಲ್ಟ್‌ನ ಸಂಕೇತವನ್ನು ಪೈಯ ಪಿನ್‌ಗಳು ತಾಳಲಾರವು.